ಮನ್ಯಾಗ ಮಾಡಿದ ಆಲ್ಬಮ್

ಈ ವಾರ ಹಪ್ಪಳ-ಸಂಡಿಗಿ ಎಲ್ಲಾ ಬದಿಗಿಟ್ಟು ಭಾಳ ದೂರದ ಒಂದು ಮನಿ ಕತಿ ಹೇಳ್ತೀನಿ. ಸ್ವೀಡನ್ ದೇಶ, ಸ್ಟಾಕ್‌ಹೋಮ್ ಊರು. ಊರಿನ ದಕ್ಷಿಣಕ್ಕ ಎನ್‌ಶೇಡೆ ಅಂತ ಒಂದು ಬಡಾವಣಿ, ಅಲ್ಲೆ ಸೋಡರ್‌ಬರ್ಗ್ ಅನ್ನೋರ ಮನಿ. ಅಪ್ಪ ಸಾಲಿ ಮಾಸ್ತರ, ಅವ್ವನೂ ಟೀಚರ್. ದೊಡ್ಡ ಮಗಳು ಯೊಹಾನ್ನಾ 1990ರಾಗ ಹುಟ್ಟಿದಾಕಿ, ಎರಡನೇದಾಕಿ ಕ್ಲಾರಾ 1993ರಾಗ. ಇವರ ಬೆನ್ನಿಗೆ ಒಬ್ಬ ಸಣ್ಣ ತಮ್ಮ. ಈ ಮನ್ಯಾಗ ಅಪ್ಪ ರೆಕಾರ್ಡಿಂಗ್ ನೋಡಿಕೊಂಡ, ಹೆಣ್ಣುಮಕ್ಕಳಿಬ್ಬರೂ ಹಾಡಿದ್ರು, ಒಂದು ಆಲ್ಬಮ್ ತಯಾರಾತು. ಅದರ ಹೆಸರು ‘ದಿ ಬಿಗ್ ಬ್ಲ್ಯಾಕ್ ಅಂಡ್ ದಿ ಬ್ಲೂ’, ಬಂದದ್ದು 2010ರ ಜನವರಿಯೊಳಗ. ಅಕ್ಕ-ತಂಗೀರ ಈ ಜೋಡಿಗೆ ‘ಫಸ್ಟ್ ಏಯ್ಡ್ ಕಿಟ್’ ಅಂತ ಹೆಸರು. ಹೌದ್ರಿ, ನಮ್ಮ ಮನ್ಯಾಗ ಕಪಾಟಿನ ಮ್ಯಾಲೆ ಇಟ್ಟಿರ್ತೀವಲ್ಲ, ಬ್ಯಾಂಡೇಜು, ಟಿಂಚರ್, ಹತ್ತಿ ಇರೋ ಡಬ್ಬಿ, ಅದನ. ಹದಿಮೂರು ವರ್ಷದ ಕ್ಲಾರಾ ಡಿಕ್ಷನರಿ ತಗದು ಹೆಸರು ಹುಡುಕಿದಾಗ ಸಿಕ್ಕದ್ದು ಇದು.

ನಮ್ಮ ಮಗಳು ಓದುವಾಗ ಹಾಕ್ಕೊಂಡು ಕೂಡ್ತಿದ್ಲು, ಹಂಗ ನನ್ನ ಕಿವಿಗೂ ಬಿತ್ತು. ಮೊದಲ ನಾ ಅಷ್ಟು ಲಕ್ಷ್ಯ ಕೊಟ್ಟಿರಲಿಲ್ಲ. ಇಂಗ್ಲಿಷ್ ಹಾಡು, ಅರ್ಧ ಮಾತು ತಿಳಿಯೂದಿಲ್ಲ. ಆದ್ರ ಎರಡು ಧ್ವನಿ ಒಂದಕ್ಕೊಂದು ಅಂಟಿಕೊಂಡು ಹೋಗೋದು ಕೇಳಿ ‘ಇವರು ಅಕ್ಕ-ತಂಗೀರೇನ’ ಅಂತ ಕೇಳಿದೆ. ಹೌದು ಅಂದ್ಲು. ಆ ಮ್ಯಾಲೆ ಇವರ ಕತಿ ಓದಿಕೋತ ಹೋದೆ. ಓದಿದಷ್ಟೂ ಇದು ನಮಗ ಸಂಬಂಧಪಟ್ಟ ಕತಿ ಅನಿಸ್ತು.

ಅಪ್ಪನಿಂದ ಸುರು ಮಾಡ್ತೀನಿ. ಬೆಂಕ್ಟ್ ಅಂತ ಹೆಸರು. 1980ರ ದಶಕದಾಗ ಸ್ವೀಡನ್ನಿನೊಳಗ ‘ಲೊಲಿಟಾ ಪಾಪ್’ ಅಂತ ಒಂದು ರಾಕ್ ಬ್ಯಾಂಡ್ ಇತ್ತು, ಓರೆಬ್ರೋ ಅನ್ನೋ ಊರಿಂದು. ಮುಂದ ನಿಂತು ಹಾಡಾಕಿ ಕಾರಿನ್ ವಿಸ್ಟ್ರಾಂಡ್ ಅಂತ ಹೆಣ್ಣುಮಗಳು, ಇಂವ ಗಿಟಾರು. ಒಳ್ಳೇ ಹೆಸರು ಮಾಡಿದ ಬ್ಯಾಂಡದು. ಆದ್ರ ಕ್ಲಾರಾ ಹುಟ್ಟೋಕಿಂತ ಮೊದಲ ಇಂವ ಬ್ಯಾಂಡ್ ಬಿಟ್ಟು ಮಾಸ್ತರಕಿ ಹಿಡದ. ಸಾಲ್ಯಾಗ ಇತಿಹಾಸ ಮತ್ತ ಧರ್ಮದ ವಿಷಯ ಕಲಸ್ತಿದ್ದ. ಮಕ್ಕಳಾದ ಮ್ಯಾಲೆ ಹಾಡು ಬಿಟ್ಟ ಹೆಂಗಸರನ್ನ ನಾವು ಬೇಕಾದಷ್ಟು ನೋಡೀವಿ, ನಮ್ಮ ಓಣಿ ಒಳಗ ಮನಿಗೊಬ್ಬಾಕಿ ಸಿಗ್ತಾಳ. ಸ್ಟೇಜ್ ಬಿಟ್ಟು ಖಡು ಹಿಡದ ಗಂಡಸನ್ನ ಮಾತ್ರ ನಾ ಅಷ್ಟು ಕಂಡಿಲ್ಲ. ಅವ್ವ ಸಿನೆಮಾ ವಿಷಯ ಕಲಸೋ ಟೀಚರು. ಆಕಿ ಬಗ್ಗೆ ಎಲ್ಲಾ ಕಡೆ ಒಂದೊಂದು ಸಾಲು ಅಷ್ಟ ಸಿಗ್ತದ. ಮೂರು ಮಕ್ಕಳು, ನೌಕರಿ, ಮ್ಯಾಲೆ ಮನಿ ಅನ್ನೋದು ಸ್ಟುಡಿಯೋ ಆಗಿ ಕೂತದ. ಆಕಿದೂ ಒಂದು ಕತಿ ಇದ್ದಿರಬೇಕು, ಬರದವರು ಕೇಳಲಿಲ್ಲ.

ಕ್ಲಾರಾ ಸಣ್ಣಾಕಿ ಇದ್ದಾಗಿಂದ ಹಾಡಿನ ಹುಚ್ಚಿ. ಜಿಗಿಯೋ ಹಗ್ಗದ ಹಿಡಿಕಿನ ಮೈಕ್ ಮಾಡಿಕೊಂಡು ಜೂಡಿ ಗಾರ್ಲಂಡ್, ಬಿಲ್ಲೀ ಹಾಲಿಡೇ ಇಂಥವರ ಹಾಡು ಹಾಡ್ತಿದ್ಲು. ತಾನ ಕಟ್ಟಿದ ಮೊದಲನೇ ಹಾಡು ಬಾರ್ಬೀ ಗೊಂಬಿ ಕಾರಿನಾಗ ನೂರೈವತ್ತು ಕಿಲೋಮೀಟರ್ ಹೋಗೋದರ ಬಗ್ಗೆ. ಆಮ್ಯಾಲೆ ಹನ್ನೆರಡು ವರ್ಷ ಆದಾಗ ಗೆಳತಿ ಒಬ್ಬಾಕಿ ‘ಬ್ರೈಟ್ ಐಸ್’ ಅನ್ನೋ ಅಮೇರಿಕಾದ ಬ್ಯಾಂಡಿನ ಹಾಡು ಕೇಳಿಸಿದ್ಲು. ಅಲ್ಲಿಂದ ಹಿಂದ ಹಿಂದ ಹೋಗಿ ಬಾಬ್ ಡಿಲನ್, ಜಾನಿ ಕ್ಯಾಶ್, ಕಡೀಕ ಕಾರ್ಟರ್ ಫ್ಯಾಮಿಲಿ ಅನ್ನೋ ಹಳೇ ಮಂದಿ ತನಕ ಹೋಗಿ ಮುಟ್ಟಿದ್ಲು. ಕ್ರಿಸ್‌ಮಸ್ಸಿಗೆ ಒಂದು ಗಿಟಾರ್ ಬಂತು, ಕಲತ್ಲು. ಅಕ್ಕನ ರುಚಿ ಪೂರಾ ಬ್ಯಾರೆ, ಆಕಿಗೆ ಕುಣಿಯೋ ಸಂಗೀತ ಸೇರ್ತಿತ್ತು. ಇಬ್ಬರನ್ನೂ ಕೂಡಿಸಿದ್ದು ಒಂದು ಸಿನೆಮಾ, 2000ದ ‘ಓ ಬ್ರದರ್, ವೇರ್ ಆರ್ಟ್ ದೌ?’. ಅದರಾಗ ಮಂದಿ ನದಿಗೆ ಹೋಗುವಾಗ ಒಂದು ಹಳೇ ಭಕ್ತಿಗೀತಾ ಬರ್ತದ. ಅದನ್ನ ಮನ್ಯಾಗ ಇಬ್ಬರೂ ಕೂಡಿ ಹಾಡಿ ನೋಡಿದ್ರು. ಧ್ವನಿ ಕೂಡಿತು.

ಈ ಧ್ವನಿ ಕೂಡೋದು ಅಂದ್ರ ಏನು ಅಂತ ಸ್ವಲ್ಪ ಹೇಳಬೇಕು, ಯಾಕಂದ್ರ ಇಡೀ ಆಲ್ಬಮ್ ನಿಂತದ್ದು ಅದರ ಮ್ಯಾಲೆ. ನಾವು ನಾಲ್ಕು ಮಂದಿ ಕೂತು ಮಂಗಳಾರತಿ ಹಾಡಿದ್ವಿ ಅಂದ್ರ ಎಲ್ಲಾರೂ ಒಂದ ಸ್ವರ ಹಿಡೀತೀವಿ. ಅವರ ಪದ್ಧತಿ ಹಂಗಲ್ಲ. ಒಬ್ಬಾಕಿ ಮೂಲ ಧಾಟಿ ಹಾಡ್ತಾಳ, ಇನ್ನೊಬ್ಬಾಕಿ ಅದೇ ಮಾತು, ಅದೇ ಹೊತ್ತಿಗೆ, ಬ್ಯಾರೆ ಸ್ವರದ ಮ್ಯಾಲೆ ಹಾಡ್ತಾಳ. ಎರಡು ಗೆರಿ ಪಕ್ಕಾಪಕ್ಕಾ ಹೋಗ್ತಾವ, ರಂಗೋಲಿಯೊಳಗ ಜೋಡಿ ಎಳಿ ಎಳದಂಗ. ಇದಕ್ಕ ಹಾರ್ಮನಿ ಅಂತಾರ. ಹೆಚ್ಚಾಗಿ ಮುಂದಿನ ಧ್ವನಿ ಕ್ಲಾರಾಂದು, ಸ್ವಲ್ಪ ಗಡಸು ಇರೋ ಜೋಡಿ ಧ್ವನಿ ಯೊಹಾನ್ನಾಂದು. ಒಡಹುಟ್ಟಿದವರು ಹಿಂಗ ಹಾಡಿದ್ರ ‘ರಕ್ತದ ಹಾರ್ಮನಿ’ ಅಂತ ಅಮೇರಿಕಾದ ಹಳ್ಳಿ ಸಂಗೀತದವರು ಕರೀತಾರ. ಅಲಬಾಮಾದ ಲೂವಿನ್ ಅಣ್ಣತಮ್ಮಂದಿರು, ಎವರ್ಲಿ ಅಣ್ಣತಮ್ಮಂದಿರು ಎಲ್ಲಾ ಇದಕ್ಕ ಹೆಸರಾದವರು. ರಕ್ತಕ್ಕಿಂತ ಮನಿ ದೊಡ್ಡದು ಅಂತ ನನಗನಸ್ತದ. ಒಂದ ಅವ್ವನ ಬಾಯಿಂದ ಮಾತು ಕಲತವರು ಅಕ್ಷರ ಒಂದ ನಮೂನಿ ಬಿಡಿಸ್ತಾರ, ಉಸರು ಯಾವಾಗ ತಗೋತಾಳ ಅಂತ ಒಬ್ಬಾಕಿಗೆ ಇನ್ನೊಬ್ಬಾಕಿದು ಗೊತ್ತಿರ್ತದ. ನಮ್ಮ ದೊಡ್ಡಮ್ಮ ಮತ್ತ ನಮ್ಮವ್ವ ಕೂಡಿ ಹಾಡುವಾಗ ಫೋನಿನ ಮ್ಯಾಲೆ ಕೇಳಿದ್ರ ಯಾರು ಯಾರು ಅಂತ ನಮಗ ತಿಳೀತಿರಲಿಲ್ಲ.

ಇನ್ನ ಕಾರ್ಟರ್ ಫ್ಯಾಮಿಲಿ ಕತಿ. ಇದನ್ನ ಬಿಟ್ಟು ಮುಂದ ಹೋಗಲಿಕ್ಕೆ ನನಗ ಮನಸ್ಸಿಲ್ಲ. 1927ರ ಆಗಸ್ಟ್. ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ಅನ್ನಾಂವ ಟೆನೆಸಿ-ವರ್ಜೀನಿಯಾ ಗಡಿ ಮ್ಯಾಲಿನ ಬ್ರಿಸ್ಟಲ್ ಊರಿಗೆ ಮಷೀನ್ ತಂದು ಹಳ್ಳಿ ಹಾಡುಗಾರರನ್ನ ಕರದ. ವರ್ಜೀನಿಯಾದ ಗುಡ್ಡದಾಗಿಂದ ಎ.ಪಿ. ಕಾರ್ಟರ್ ತನ್ನ ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬಲ್, ಇಬ್ಬರನ್ನೂ ತಮ್ಮನ ಕಾರಿನಾಗ ಕೂಡಿಸಿಕೊಂಡು ಹೋದ. ಸಾರಾನ ಜೋಡಿ ಮೊಲಿ ಕುಡಿಯೋ ಕೂಸು, ಕೂಸಿನ್ನ ನೋಡಿಕೊಳ್ಳಲಿಕ್ಕೆ ದೊಡ್ಡ ಮಗಳು. ಮೇಬಲ್‌ಗೆ ಹದಿನೆಂಟು ವರ್ಷ, ತುಂಬು ಬಸುರಿ. ಸಾರಾ ಮತ್ತ ಮೇಬಲ್ ಮೊದಲ ಅಕ್ಕ-ತಂಗೀರ ಪೈಕಿ, ಆಮ್ಯಾಲೆ ಒಂದ ಮನೀಗೆ ಬಂದು ನೆಗೆಣ್ಣಿ ಆದವರು. ಎರಡು ದಿವಸದಾಗ ಆರು ಹಾಡು ರೆಕಾರ್ಡ್ ಆತು. ಸಾರಾ ಹಾಡೋದು, ಆಟೋಹಾರ್ಪ್ ನುಡಿಸೋದು. ಮೇಬಲ್ ಗಿಟಾರು. ಈ ಆಟೋಹಾರ್ಪ್ ಅಂದ್ರ ನಮ್ಮ ಸ್ವರಮಂಡಲದ ದೂರದ ತಂಗಿ ಅನ್ನಬಹುದು, ಮಡಿಲಾಗ ಇಟ್ಕೊಂಡು ಇಲ್ಲಾ ಎದಿಗೆ ಅವಚಿಕೊಂಡು ನುಡಿಸ್ತಾರ. ಗುಂಡಿ ಒತ್ತಿದ್ರ ಬ್ಯಾಡಾದ ತಂತಿ ಸುಮ್ಮನಾಗ್ತಾವ, ಬೇಕಾದದ್ದಷ್ಟ ನುಡೀತಾವ. ಮೇಬಲ್ ಹೆಬ್ಬೆರಳಿಲೆ ಕೆಳಗಿನ ದಪ್ಪ ತಂತಿ ಮ್ಯಾಲೆ ಧಾಟಿ ನುಡಿಸಿ ಉಳಿದ ಬೆರಳಿಲೆ ತಾಳ ಹಾಕ್ತಿದ್ಲು. ಮುಂದ ಎಷ್ಟೋ ಮಂದಿ ಗಿಟಾರಿನವರು ಇದನ್ನ ಕಲತ್ರು.

ಆ ಹಾಡುಗಳು ಗುಡ್ಡದ ಸ್ವಂತದ್ದು ಅಂತ ಮಂದಿ ತಿಳ್ಕೊಂಡಾರ. ಪೂರಾ ಹಂಗೇನಿಲ್ಲ. ಎ.ಪಿ. ಊರೂರು ತಿರುಗಿ ಹಾಡು ಕೂಡಿಸ್ತಿದ್ದ. ಜೋಡಿ ಹೋಗ್ತಿದ್ದಾಂವ ಲೆಸ್ಲೀ ರಿಡ್ಲ್ ಅನ್ನೋ ಕರಿಯ ಗಿಟಾರಿನಾಂವ, ಧಾಟಿ ನೆನಪಿಟ್ಟುಕೊಳ್ಳೋದು ಅವನ ಕೆಲಸ. ಕೆಲವು ಹಾಡು ಹಿಂದಿನ ಶತಮಾನದಾಗ ಪಟ್ಟಣದಾಗ ಅಚ್ಚಾಗಿ ಹಳ್ಳಿ ಸೇರಿ, ಬಾಯಿಂದ ಬಾಯಿಗೆ ಹೋಗಿ ಹೊಳ್ಳಿ ಬಂದದ್ದು. ಇದನ್ನ ಯಾಕ ಹೇಳ್ತೀನಿ ಅಂದ್ರ, ಮುಂದ ಈ ಸ್ವೀಡನ್ ಹುಡುಗೀರಿಗೆ ‘ನಿಮ್ಮದಲ್ಲದ ಅಮೇರಿಕಾದ ಹಾಡು ಯಾಕ ಹಾಡ್ತೀರಿ’ ಅನ್ನೋ ಪ್ರಶ್ನಿ ಬಂತು. ಹಾಡು ಹುಟ್ಟಿದ ಮನ್ಯಾಗ ಎಲ್ಲೆ ಉಳೀತದ್ರಿ? ಹೆಣ್ಣುಮಕ್ಕಳ ಜೋಡಿ ಅತ್ತಿ ಮನೀಗೆ ಹೋಗ್ತದ, ಅಲ್ಲಿ ಧಾಟಿ ತಗೋತದ. ಕ್ಲಾರಾ ಹೋಗಿದ್ದು ಇಂಗ್ಲಿಷ್ ಮಾಧ್ಯಮದ ಸಾಲಿಗೆ, ಕೇಳಿದ್ದು ಇಂಗ್ಲಿಷ್ ಹಾಡು, ಬಂದದ್ದೂ ಅದs ಭಾಷಾದಾಗ. ಯೊಹಾನ್ನಾ ಕೈಯಾಗ ಬಂದು ಕೂತದ್ದು ಸಾರಾ ನುಡಿಸ್ತಿದ್ದ ಅದs ಆಟೋಹಾರ್ಪು.

ಹುಡುಗೀರು ಮೊದಲ ಸ್ಟಾಕ್‌ಹೋಮಿನ ಮೆಟ್ರೋ ಸ್ಟೇಶನ್ನಿನಾಗ ನಿಂತು ಹಾಡಿದ್ರು. ಸರಕಾರದ ಹೆಂಡದಂಗಡಿ ಮುಂದೂ ಹಾಡಿದ್ರಂತ. (ಅಲ್ಲೆ ಹೆಂಡ ಮಾರೋದು ಸರಕಾರನ. ಜೇಬಿನಾಗ ಚಿಲ್ಲರೆ ಇಟಗೊಂಡ ಮಂದಿ ಅಲ್ಲೆ ಸಿಗ್ತಾರ, ಶಾಣ್ಯಾರು.) ಆಮ್ಯಾಲೆ ನೋಡ್ರಿ, ದಾರಿ ತೆರದದ್ದು ಎಲ್ಲೆ ಅಂತ. ಬಾಲವಾಡಿಯೊಳಗ. ಅವರ ಸಣ್ಣ ತಮ್ಮ ಹೋಗೋ ಬಾಲವಾಡಿಗೆ ಕಾರಿನ್ ಡ್ರೈಯರ್ ಅನ್ನೋ ಹಾಡುಗಾತಿಯ ಕೂಸೂ ಬರ್ತಿತ್ತು. ಈ ಕಾರಿನ್ ತನ್ನ ತಮ್ಮನ ಜೋಡಿ ‘ದಿ ನೈಫ್’ ಅಂತ ಬ್ಯಾಂಡ್ ಕಟ್ಟಿದಾಕಿ, ಇವರ ಸಂಗೀತ ಪೂರಾ ಎಲೆಕ್ಟ್ರಾನಿಕ್, ಮಷೀನಿಂದು, ಜನಪದದ ವಾಸನಿ ಸುದ್ದಾ ಇಲ್ಲ. ಅವರದs ಒಂದು ಸಣ್ಣ ಕಂಪನಿ ಇತ್ತು, ‘ರಾಬಿಡ್ ರೆಕಾರ್ಡ್ಸ್’. ಹುಡುಗೀರ ಹಾಡು ಆಕಿ ಕೈಗೆ ಹೋತು, 2008ರಾಗ ‘ಡ್ರಂಕನ್ ಟ್ರೀಸ್’ ಅಂತ ಒಂದು ಸಣ್ಣ ತಟ್ಟಿ ಬಂತು. ದೊಡ್ಡ ಕಂಪನಿ ಆಫೀಸು, ಏಜೆಂಟು, ಯಾವುದೂ ಅಲ್ಲ. ಕೂಸು ಬಿಡಲಿಕ್ಕೆ, ಕರಕೊಂಡು ಬರಲಿಕ್ಕೆ ಹೋಗೋ ಗೇಟು. ನಾವೂ ಅಂಥಾ ಗೇಟಿನ ಮುಂದ ನಿಂತು ಎಷ್ಟು ಸಂಬಂಧ ಕೂಡಿಸೀವಿ, ಎಷ್ಟು ಮನಿ ಬಾಡಿಗಿಗೆ ಹಚ್ಚೀವಿ, ನೆನಸ್ಕೋರಿ.

ಅದs ವರ್ಷ ಇನ್ನೊಂದು ಆತು. ಅಮೇರಿಕಾದ ಸಿಯಾಟಲ್ಲಿನ ‘ಫ್ಲೀಟ್ ಫಾಕ್ಸಸ್’ ಅನ್ನೋ ಬ್ಯಾಂಡಿನ ಮೊದಲನೇ ಆಲ್ಬಮ್ 2008ರ ಜೂನಿನಾಗ ಬಂದಿತ್ತು. ಅದರೊಳಗಿನ ಒಂದು ಹಾಡನ್ನ ಅಕ್ಕ-ತಂಗಿ ಕಾಡಿನಾಗ ಗಿಡಗಳ ನಡುವ ಕೂತು, ಚೌಕಳಿ ಅಂಗಿ ಹಾಕ್ಕೊಂಡು, ಒಂದ ಗಿಟಾರ್ ಇಟಗೊಂಡು ಹಾಡಿ ಯೂಟ್ಯೂಬಿಗೆ ಹಾಕಿದ್ರು. ಕ್ಲಾರಾಗೆ ಆಗ ಹದಿನೈದು. ಅದನ್ನ ನೋಡಿ ಮೂಲ ಹಾಡಿನ ಹುಡುಗ ರಾಬಿನ್ ಪೆಕ್ನೋಲ್ಡನ ಮೆಚ್ಚಿದ. ಲಂಡನ್ನಿನ ‘ವಿಚಿಟಾ ರೆಕಾರ್ಡಿಂಗ್ಸ್’ ಕಂಪನಿ ಇವರನ್ನ ತಗೊಂಡಿತು. ಇವತ್ತು ನೋಡಿದ್ರೂ ಆ ವಿಡಿಯೋದಾಗ ಯಾವ ಠೀವಿನೂ ಇಲ್ಲ. ಹಾಡ್ತಾರ, ಮುಗಸ್ತಾರ, ಅಷ್ಟ.

ಇಂಡೀ ಫೋಕ್ ಅಂತ ಈ ನಮೂನಿ ಸಂಗೀತಕ್ಕ ಅಂತಾರ. ಫೋಕ್ ಅಂದ್ರ ಜನಪದ, ಆದ್ರ ಹಾಡು ಹೊಸಾವು, ತಾವ ಕಟ್ಟಿದ್ದು, ಧಾಟಿ ಮತ್ತ ವಾದ್ಯ ಅಷ್ಟ ಹಳೇವು. ಇಂಡೀ ಅಂದ್ರ ದೊಡ್ಡ ಕಂಪನಿ ಹಂಗಿಲ್ಲದ್ದು. 2000 ದಾಟಿದ ಮ್ಯಾಲೆ ಇದು ಜೋರು ಹಬ್ಬಿತು. ಕಾರಣ ಭಾಳ ಸಾದಾ: ಮನ್ಯಾಗ ರೆಕಾರ್ಡ್ ಮಾಡೋದು ಸಸ್ತಾ ಆತು. ಅಮೇರಿಕಾದ ‘ಐರನ್ ಅಂಡ್ ವೈನ್’ 2002ರಾಗ ತಂದ ಮೊದಲನೇ ಆಲ್ಬಮ್ ಮನಿ ರೆಕಾರ್ಡಿಂಗ. ಎಲ್ಲಾರಿಗಿಂತ ಹೆಸರಾದದ್ದು ‘ಬೊನ್ ಈವೇರ್’ ಅನ್ನೋ ಹೆಸರಿಲೆ ಹಾಡೋ ಜಸ್ಟಿನ್ ವರ್ನನ್ ಕತಿ. ಬ್ಯಾಂಡ್ ಒಡೀತು, ಪ್ರೀತಿ ಮುರೀತು, ಮೈಯಾಗೂ ಆರಾಮಿರಲಿಲ್ಲ. 2006ರ ಚಳಿಗಾಲಕ್ಕ ವಿಸ್ಕಾನ್ಸಿನ್ ಕಾಡಿನಾಗಿದ್ದ ಅಪ್ಪನ ಗುಡಿಸಲಿಗೆ ಹೋಗಿ ಮೂರು ತಿಂಗಳು ಒಬ್ಬನ ಕೂತು ಆಲ್ಬಮ್ ಮಾಡಿದ. ಆಲ್ಬಮ್ ಛಂದ ಅದ, ಖರೇನ. ಆದ್ರ ಅದರ ಬಗ್ಗೆ ಬರದವರೆಲ್ಲಾರೂ ಮೊದಲ ಆ ಗುಡಿಸಲು, ಆ ಹಿಮ, ಆ ಒಂಟಿತನ ಹೇಳ್ತಾರ. ಅದೊಂದು ಪುರಾಣನ ಆಗಿಬಿಟ್ಟದ.

ಈಗ ಎನ್‌ಶೇಡೆ ಮನಿ ನೋಡ್ರಿ. ಅದೂ ಅದs ಕಾಲ, ಅದs ನಮೂನಿ ಸಂಗೀತ, ಅದೂ ಮನಿ ರೆಕಾರ್ಡಿಂಗ. ಆದ್ರ ಇಲ್ಲೆ ಯಾರೂ ಯಾರನ್ನೂ ಬಿಟ್ಟು ಕಾಡಿಗೆ ಓಡಿ ಹೋಗಿಲ್ಲ. ಅಪ್ಪ, ಅವ್ವ, ತಮ್ಮ ಎಲ್ಲಾರೂ ಇದ್ದ ಮನ್ಯಾಗನ ಕೆಲಸ ಆಗೇದ. ಒಬ್ಬ ಗಂಡಸು ಮನಿ ಬಿಟ್ಟು ಹೋಗಿ ಹಾಡು ಮಾಡಿದ್ರ ತಪಸ್ಸು ಅಂತ ಬರೀತಾರ. ಇಬ್ಬರು ಹುಡುಗೀರು ಮನಿ ಒಳಗ ಕೂತು ಮಾಡಿದ್ರ ‘ಸಣ್ಣ ಹುಡುಗೀರು, ಅಪ್ಪ ಸಹಾಯ ಮಾಡ್ಯಾನ, ಎಷ್ಟು ಮುದ್ದು’ ಅಂತಾರ. ಅವತ್ತಿನ ವಿಮರ್ಶಾ ಓದಿದ್ರ ಅವರ ವಯಸ್ಸು ಬಿಟ್ಟು ಮಾತ ಹೊರಡೂದಿಲ್ಲ. ನನಗ ಇದರ ಬಗ್ಗೆ ಸಿಟ್ಟದ. ಬಾಗಲಾ ಬಡಿಯೋದು, ಕುಕ್ಕರ್ ಕೂಗೋದು, ಕೂಸು ಅಳೋದು, ಇವುಗಳ ನಡುವ ಒಂದು ತಾಸು ಹುಡುಕಿ ಕೆಲಸ ಮಾಡೋದು ಸುಲಭ ಅಂತ ತಿಳದವರು ಒಂದು ವಾರ ನಮ್ಮ ಮನ್ಯಾಗ ಬಂದು ಇರಬೇಕು.

ಆಲ್ಬಮ್ಮಿನಾಗ ಹನ್ನೊಂದು ಹಾಡವ. ಮೊದಲನೇದು ಸುರು ಆಗೋದು ಬರೇ ಧ್ವನಿಯಿಂದ, ವಾದ್ಯ ಇಲ್ಲ. ಎರಡು ಧ್ವನಿ, ಜೋಡಿ ಎಳಿ, ಅಷ್ಟ. ಅಲ್ಲೆನ ನಿಮಗ ಇಡೀ ಆಲ್ಬಮ್ಮಿನ ಲೆಕ್ಕ ಗೊತ್ತಾಗ್ತದ. ಆಮ್ಯಾಲೆ ಗಿಟಾರ್ ಬರ್ತದ, ಕೀಬೋರ್ಡ್ ಬರ್ತದ, ಆಟೋಹಾರ್ಪ್ ಝಣ್ ಅಂತದ, ಆದ್ರ ಯಾವುದೂ ಧ್ವನಿ ಮ್ಯಾಲೆ ಏರಿ ಕೂಡೂದಿಲ್ಲ. ಅಪ್ಪನ ಮೆಚ್ಚಬೇಕಾದದ್ದು ಇಲ್ಲೆ. ರಾಕ್ ಬ್ಯಾಂಡಿನಾಗ ವರ್ಷಗಟ್ಟಲೆ ಗಿಟಾರ್ ಬಾರಿಸಿದ ಮನುಷ್ಯ, ಪ್ರೊಡ್ಯೂಸರ್ ಖುರ್ಚಿ ಮ್ಯಾಲೆ ಕೂತಾನ, ಮಕ್ಕಳು ಸಣ್ಣವರು. ‘ಇಲ್ಲೊಂದು ದೊಡ್ಡ ಗಿಟಾರ್ ಹಾಕೋಣ, ಅಲ್ಲೊಂದು ಡ್ರಮ್ ಹಾಕೋಣ’ ಅಂದಿದ್ರ ತಡಿಯೋರು ಯಾರು? ಹಂಗ ಮಾಡಿಲ್ಲ. ಹಾಡು ಬರದದ್ದು ಹುಡುಗೀರು, ಹಾಡಿದ್ದು ಹುಡುಗೀರು. ಮಗಳು ಚಪಾತಿ ಲಟ್ಟಿಸುವಾಗ ಲಟ್ಟಣಗಿ ಕಸಗೊಳ್ಳದ ಸುಮ್ಮನ ನಿಂತು ನೋಡೋದು ಎಷ್ಟು ಕಷ್ಟ ಅಂತ ನಮಗ ಗೊತ್ತದ.

ಹಾಡಿನ ಮಾತು ಕೇಳಿದ್ರ ಹದಿನಾರು ಹತ್ತೊಂಬತ್ತರ ವಯಸ್ಸಿನವರು ಬರದದ್ದು ಅನಸೂದಿಲ್ಲ. ಹಳಸಿದ ಪ್ರೀತಿ, ಒಂಟಿ ಆದವರು, ವಯಸ್ಸಾದವರು, ಸಾವು. ‘ಹಾರ್ಡ್ ಬಿಲೀವರ್’ ಅನ್ನೋ ಹಾಡು ದೇವರನ್ನ ನಂಬೋ ಮಂದಿ ಜೋಡಿ ನಂಬದ ಹುಡುಗಿ ಮಾಡೋ ವಾದ. ಅಪ್ಪ ಸಾಲ್ಯಾಗ ಧರ್ಮದ ವಿಷಯ ಕಲಸಾಂವ, ಮಗಳು ಇದನ್ನ ಬರದಾಳ, ಅಪ್ಪನ ರೆಕಾರ್ಡ್ ಮಾಡ್ಯಾನ. ನಾ ದಿನಾ ದೀಪ ಹಚ್ಚಾಕಿ, ಆಕಿ ವಾದ ನನಗ ಒಪ್ಪಿಗಿ ಇಲ್ಲ, ಆದ್ರ ಆ ಹಾಡಿನ ಧಾಟಿ ಈ ಆಲ್ಬಮ್ಮಿನಾಗ ಎಲ್ಲಾದಕ್ಕಿಂತ ಛಂದ. ‘ಇಷ್ಟು ಸಣ್ಣವರಿಗೆ ಮುದುಕೀರ ದುಃಖ ಹೆಂಗ ಗೊತ್ತು’ ಅಂತ ಭಾಳ ಮಂದಿ ಕೇಳ್ಯಾರ. ನಾವು ಹತ್ತು ವರ್ಷದವರಿದ್ದಾಗ ಬೀಸೋ ಕಲ್ಲಿನ ಪದ ಹಾಡ್ತಿದ್ದಿಲ್ಲೇನ್ರಿ? ತವರು ಮನಿ ಅಗಲಿದ ದುಃಖ, ಮಕ್ಕಳಿಲ್ಲದಾಕಿ ದುಃಖ, ಎಲ್ಲಾ ಹಾಡ್ತಿದ್ವಿ, ಯಾವುದು ಅನುಭವಿಸಿದ್ವಿ? ಮೊದಲ ಹಾಡು ಬಾಯಿಗೆ ಬರ್ತದ, ಅರ್ಥ ಆಮ್ಯಾಲೆ ಬರ್ತದ.

ಕುಂದೂ ಹೇಳಬೇಕು. ಆರೇಳು ಹಾಡು ಆದ ಮ್ಯಾಲೆ ಓಟ ಒಂದ ನಮೂನಿ ಆಗ್ತದ. ಎಲ್ಲಾ ನಿಧಾನ, ಎಲ್ಲಾ ಮಬ್ಬು ಮಬ್ಬು, ಯಾವ ಹಾಡು ಎಲ್ಲೆ ಮುಗೀತು ತಿಳಿಯೂದಿಲ್ಲ. ಕೆಲವು ಮಾತು ಹಳೇ ಅಮೇರಿಕಾದ ಹಾಡಿನಿಂದ ಕಡ ತಂದದ್ದು ಅಂತ ಗೊತ್ತಾಗ್ತದ. ಬೆಳದದ್ದು ಸ್ಟಾಕ್‌ಹೋಮಿನ ಮೆಟ್ರೋ, ಬಸ್ಸು, ಸಾಲಿ ನಡುವ, ಹಾಡೋದು ನದಿ, ರಾಜ, ಪಾಳುಬಿದ್ದ ಊರು. ಅವರ ಮುಂದಿನ ಆಲ್ಬಮ್ ಇದಕ್ಕಿಂತ ಮಾಗಿದ್ದು ಅಂತ ಎಲ್ಲಾರೂ ಅಂತಾರ, ನಾನೂ ಒಪ್ಪತೀನಿ. ಆದ್ರ ಹೊಳ್ಳಿ ಹೊಳ್ಳಿ ಕೇಳೋದು ನಾ ಇದನ್ನ. ಎಳೇ ಹೀರಿಕಾಯಿ ರುಚಿ ಬಲತದ್ದಕ್ಕ ಎಲ್ಲೆ ಬರ್ತದ.

ಈ ಆಲ್ಬಮ್ಮಿನ ಹಿಂದ ಒಂದು ದೊಡ್ಡ ನಿರ್ಧಾರ ಇತ್ತು. ಸ್ವೀಡನ್ನಿನಾಗ ಒಂಬತ್ತನೇ ಇಯತ್ತೆ ತನಕ ಸಾಲಿ ಕಡ್ಡಾಯ, ಆಮ್ಯಾಲೆ ಮೂರು ವರ್ಷದ ಜಿಮ್ನೇಸಿಯಂ, ನಮ್ಮ ಕಾಲೇಜಿನ ಹಂಗ. 2009ರಾಗ ಒಂಬತ್ತು ಮುಗಿಸಿದ ಕ್ಲಾರಾ ಮುಂದ ಜಿಮ್ನೇಸಿಯಂಗೆ ಹೋಗಲಿಲ್ಲ, ಹಾಡು ಹಿಡದು ಹೊಂಟ್ಲು. ಅಪ್ಪ-ಅವ್ವ ಇಬ್ಬರೂ ಕಲಸೋ ಮಂದಿ, ಅವರ ಮಗಳು ಹದಿನಾರಕ್ಕ ಓದು ಬಿಟ್ಲು. ನಾ ಇಲ್ಲೆ ಎರಡು ದಿವಸ ತಡದು ಕೂತೆ, ಮುಂದ ಬರೀಲಿಕ್ಕೆ ಆಗಲಿಲ್ಲ. ನಮ್ಮ ಮಗಳು ಅಂದಿದ್ರ ನಾ ಬಿಡ್ತಿದ್ದೆನೇನು? ನಮ್ಮ ಮನ್ಯಾಗ ಇಂಥ ಮಾತು ಹೊರಟ್ರ ಮಾವನವರಿಂದ ಹಿಡದು ಹಾಲಿನಾಂವನ ತನಕ ಎಲ್ಲಾರೂ ಅಭಿಪ್ರಾಯ ಕೊಡ್ತಾರ. ಆ ಅಪ್ಪ-ಅವ್ವ ಬಿಟ್ಟರು, ಆದ್ರ ಒಬ್ಬಾಕಿನ್ನ ಬಿಡಲಿಲ್ಲ. ಅಕ್ಕ ಜೋಡಿ ಇದ್ಲು, ಮತ್ತ ಅಪ್ಪ ಟೂರಿಗೂ ಹೋದ, ಸೌಂಡ್ ನೋಡಿಕೊಳ್ಳಲಿಕ್ಕೆ. ರಾತ್ರಿ ಬಾರಿನಾಗ, ಊರೂರಿನ ಸಣ್ಣ ಹಾಲಿನಾಗ ಹಾಡೋ ಇಬ್ಬರು ಹುಡುಗೀರು, ಹಿಂದ ಮಷೀನಿನ ಮುಂದ ಕೂತ ಅಪ್ಪ. ಕಾಯೋದು ಬ್ಯಾರೆ, ಕಟ್ಟಿಹಾಕೋದು ಬ್ಯಾರೆ ಅಂತ ಬಾಯಿಲೆ ಎಲ್ಲಾರೂ ಹೇಳ್ತೀವಿ, ಅವರು ಹೆಂಗ ಮಾಡಿದ್ರು ಅಂತ ತಿಳಕೊಳ್ಳಲಿಕ್ಕೆ ನನಗ ಆಸೆ ಅದ.

ಇದೆಲ್ಲಾ ಪುಕಟ ಆಗಲಿಲ್ಲ. ವರ್ಷಗಟ್ಟಲೆ ಒಂದ ವ್ಯಾನಿನಾಗ, ಒಂದ ರೂಮಿನಾಗ ಅಕ್ಕ-ತಂಗಿ ಇದ್ರ ಏನಾಗ್ತದ ಅಂತ ನಮಗ ಬಿಡಿಸಿ ಹೇಳಬೇಕಾಗಿಲ್ಲ. ಮೂರನೇ ಆಲ್ಬಮ್ಮಿನ ಟೂರ್ ಮುಗಿಯೋದರೊಳಗ ಇಬ್ಬರೂ ದಣದು ಹೋಗಿದ್ರು, ಸ್ವಲ್ಪ ದಿವಸ ಬ್ಯಾರೆ ಬ್ಯಾರೆ ಇದ್ದು ಹೊಳ್ಳಿ ಕೂಡಿದ್ರು. 2018ರಾಗ ಅವರ ನಾಲ್ಕನೇ ಆಲ್ಬಮ್ ಬಂತು, ಹೆಸರು ‘ರುಯಿನ್ಸ್’, ಅಂದ್ರ ಪಾಳು.

ನಮ್ಮ ಮನೀ ಮಾತು ಒಂದು ಹೇಳಿ ಮುಂದ ಹೋಗ್ತೀನಿ. ನಮ್ಮ ಅಪ್ಪನ ಕಡೆ ಟೇಪ್ ರೆಕಾರ್ಡರ್ ಇತ್ತು. ಭೀಮಸೇನ ಜೋಶಿಯವರ ಕ್ಯಾಸೆಟ್ಟು, ಗಂಗೂಬಾಯಿಯವರ ಕ್ಯಾಸೆಟ್ಟು ಸಾಲಾಗಿ ಇರ್ತಿದ್ವು, ರೇಡಿಯೋದ ಮುಂದ ಹಿಡದು ತುಂಬಿಸಿದ್ದು ಬ್ಯಾರೆ. ನಮ್ಮವ್ವ ಮತ್ತ ದೊಡ್ಡಮ್ಮ ಗೌರಿ ಹಾಡು ಹಾಡ್ತಿದ್ದದ್ದು ಅದs ಪಡಸಾಲ್ಯಾಗ, ಆ ಮಷೀನಿನಿಂದ ಹತ್ತು ಹೆಜ್ಜಿ ಮ್ಯಾಲೆ. ಒಂದು ಹಾಡೂ ಆ ಕ್ಯಾಸೆಟ್ಟಿನಾಗ ಇಲ್ಲ. ಮನಿ ಹೆಂಗಸರ ಹಾಡು ರೆಕಾರ್ಡ್ ಮಾಡೋ ವಸ್ತು ಅಂತ ಯಾರ ತಲ್ಯಾಗೂ ಇರಲಿಲ್ಲ, ಹಾಡಾಕಿಗಂತೂ ಮೊದಲs ಇರಲಿಲ್ಲ. ಎನ್‌ಶೇಡೆ ಮಾಸ್ತರ ಮೈಕ್ ತಗದು ಮಗಳ ಮುಂದ ಇಟ್ಟಾಗ ಆದ ಕೆಲಸ ಸಣ್ಣದಲ್ಲ ಅಂತ ನನಗ ಅನಸೋದು ಅದಕ್ಕ.

ಮುಂದಿನದು ಲಗೂನ ಹೇಳ್ತೀನಿ. ಆಲ್ಬಮ್ ಬಂದ ವರ್ಷನ ಅಮೇರಿಕಾಕ್ಕ ಹೋದ್ರು. ನ್ಯಾಶ್‌ವಿಲ್ಲಿನಾಗ ಜ್ಯಾಕ್ ವೈಟ್ ತನ್ನ ‘ಥರ್ಡ್ ಮ್ಯಾನ್’ ಸ್ಟುಡಿಯೋದಾಗ ಇವರ ಜೋಡಿ ಎರಡು ಹಾಡು ಮಾಡಿದ. 2011ರಾಗ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ಪ್ಯಾಟಿ ಸ್ಮಿತ್‌ಗೆ ಬಂತು. ಅಲ್ಲಿ ದೊರಿ ಕೈಯಿಂದ ಕೊಡೋ ಪ್ರಶಸ್ತಿ ಅದು. ಆ ಸಮಾರಂಭದಾಗ ಆಕಿ ಹಾಡನ್ನ ಆಕಿ ಮುಂದನ ಈ ಹುಡುಗೀರು ಹಾಡಿದ್ರು, ಆಕಿ ಅತ್ಲು. ಇವರು ‘ಎಮಿಲೂ’ ಅಂತ ಒಂದು ಹಾಡೂ ಬರದಾರ. ಎಮಿಲೂ ಹ್ಯಾರಿಸ್ ಅಂದ್ರ ಗ್ರ್ಯಾಮ್ ಪಾರ್ಸನ್ಸ್ ಜೋಡಿ ಹಾರ್ಮನಿ ಹಾಡಿ ಹೆಸರಾದಾಕಿ. ಆ ಹಾಡಿನಾಗ ಇನ್ನೊಂದು ಜೋಡಿನೂ ಬರ್ತದ, ಜೂನ್ ಕಾರ್ಟರ್ ಮತ್ತ ಜಾನಿ ಕ್ಯಾಶ್. ಈ ಜೂನ್ ಯಾರ ಮಗಳು ಅಂದೀರಿ? ಬಸುರಿ ಇದ್ದಾಗ ಬ್ರಿಸ್ಟಲ್ಲಿಗೆ ಹೋಗಿ ಗಿಟಾರ್ ನುಡಿಸಿದ ಮೇಬಲ್‌ನ ಮಗಳು. 2015ರಾಗ ಪೋಲಾರ್ ಪ್ರಶಸ್ತಿ ಎಮಿಲೂಗನ ಬಂತು. ಇವರು ಹಾಡಿದ್ರು. ಮುಂದ ಕೂತಿದ್ದ ಆಕಿ ಕಣ್ಣೂ ತುಂಬಿದ್ವು.

ಎರಡನೇ ಆಲ್ಬಮ್ ‘ದಿ ಲಯನ್ಸ್ ರೋರ್’ 2012ರ ಜನವರಿಯೊಳಗ ಬಂತು, ಸ್ವೀಡನ್ನಿನಾಗ ಒಂದನೇ ನಂಬರಿಗೆ ಏರಿತು. ಅದನ್ನ ರೆಕಾರ್ಡ್ ಮಾಡಲಿಕ್ಕೆ ಅಮೇರಿಕಾದ ನೆಬ್ರಾಸ್ಕಾ ರಾಜ್ಯದ ಒಮಾಹಾ ಊರಿಗೆ ಹೋಗಿದ್ರು. ಪ್ರೊಡ್ಯೂಸರ್ ಮೈಕ್ ಮೋಗಿಸ್, ಹನ್ನೆರಡು ವರ್ಷದ ಕ್ಲಾರಾಗೆ ಗೆಳತಿ ಕೇಳಿಸಿದ್ದಳಲ್ಲ, ಅದs ಬ್ರೈಟ್ ಐಸ್ ಬ್ಯಾಂಡಿನಾಂವ. ಅಪ್ಪನೂ ಜೋಡಿ ಹೋಗಿದ್ದ. ಈ ಸಲ ಪ್ರೊಡ್ಯೂಸರ್ ಖುರ್ಚಿ ಅವಂದಲ್ಲ, ಬಾಸ್ ಗಿಟಾರ್ ಹಿಡದು ಮಗಳಂದಿರ ಹಿಂದ ನಿಂತು ನುಡಿಸ್ಯಾನ.

ಕೇಳಬೇಕಂದ್ರ ಹನ್ನೊಂದೂ ಒಮ್ಮೆಲೆ ಕೇಳಬ್ಯಾಡ್ರಿ, ಬ್ಯಾಸರ ಆಗ್ತದ. ಮಧ್ಯಾಹ್ನ ಎಲ್ಲಾರೂ ಉಂಡು ಮಲಗಿದ ಮ್ಯಾಲೆ ಮೊದಲನೇದಷ್ಟ ಹಾಕ್ರಿ, ಮಾತಿನ ಅರ್ಥಕ್ಕ ಹೋಗಬ್ಯಾಡ್ರಿ. ಯಾವ ಧ್ವನಿ ಅಕ್ಕಂದು, ಯಾವುದು ತಂಗಿದು ಅಂತ ಬ್ಯಾರೆ ಮಾಡಲಿಕ್ಕೆ ಬರ್ತದೇನು ನೋಡ್ರಿ. ನನಗ ಇನ್ನೂ ಎರಡು ಕಡೆ ತಪ್ಪತದ.